ತೂಕದ ಆ್ಯಪ್ ತೂಕಡಿಸಿದ್ದು

"ಬೆಳಿಗ್ಗೆ ಸರಿ ಇರ್ತದೆ ಮಾರಾಯ. ಮಧ್ಯಾಹ್ನ ಆದ್ರೆ ನಿನ್ನ ಆ್ಯಪ್ ಉಂಡವರ ಹಾಗೆ ತೂಕಡಿಸ್ತದೆ." ಬದಿಯಡ್ಕದ ಅಡಿಕೆ ವ್ಯಾಪಾರಿಯೊಬ್ಬರ ಫೋನು. ಬ್ಲೂಟೂತ್ ತಕ್ಕಡಿಯಿಂದ ತೂಕ ಓದಿ ಹೊಸದು, ಹಳತು, ಪಟೋರ, ಕರಿಗೋಟು ಅಂತ ಅಡಿಕೆಯ ಒಂದೊಂದು ದರ್ಜೆಗೂ ಬೇರೆಬೇರೆ ಲೆಕ್ಕ ಇಡುವ ಆ್ಯಪ್ ಅದು, ನಾನೇ ಬರೆದುಕೊಟ್ಟದ್ದು. ಪೆರ್ಲದ ನನ್ನ ಮನೆಯಲ್ಲಿ ಎಷ್ಟು ಒತ್ತಿ ನೋಡಿದರೂ ಅದಕ್ಕೆ ನಿದ್ದೆ ಬರಲಿಲ್ಲ.

ಕೊನೆಗೆ ಅವರ ಅಂಗಡಿಯಲ್ಲೇ ಹೋಗಿ ಕೂತೆ. ಚೀಲ ತಕ್ಕಡಿಗೇರಿದ ಕೂಡಲೇ ಅಂಕೆ ದೊಡ್ಡದಾಗಿ ಕಾಣಲಿ ಅಂತ ಫೋನನ್ನು ಅಡ್ಡ ಮಾಡಿ ಕೃಷಿಕರಿಗೆ ತೋರಿಸುತ್ತಾರೆ, ಮತ್ತೆ ನೆಟ್ಟಗೆ ಹಿಡಿಯುತ್ತಾರೆ. ಚೀಲಕ್ಕೆ ಎರಡು ಸಲ! ಹಾಗೆ ತಿರುಗಿದಾಗಲೆಲ್ಲ ಆಂಡ್ರಾಯ್ಡ್ ಹಳೆ ಆಕ್ಟಿವಿಟಿಯನ್ನು, ಅಂದರೆ ಆ್ಯಪ್‌ನ ಆ ಪರದೆಯನ್ನು, ಕೆಡವಿ ಹೊಸದು ಕಟ್ಟುತ್ತದೆ.

ಮನೆಗೆ ಬಂದು ಹತ್ತು ಸಲ ತಿರುಗಿಸಿ, ಮೆಮೊರಿಯ ಲೆಕ್ಕ ಕೊಡುವ ‘ಡಂಪ್‌ಸಿಸ್ ಮೆಮ್‌ಇನ್ಫೋ’ ಆಜ್ಞೆ ಹಾಕಿದೆ. ಆಕ್ಟಿವಿಟೀಸ್: 11. ಒಂದೇ ಇರಬೇಕಿತ್ತು. ಕೆಡವಿದ ಹತ್ತೂ ಮೆಮೊರಿಯಲ್ಲೇ ಕೂತಿವೆ, ತೂಕಡಿಕೆ ಅದರದ್ದೇ. ಇಂಥ ಮೆಮೊರಿ ಸೋರಿಕೆ ಹಿಡಿಯುವ ಲೀಕ್‌ಕ್ಯಾನರಿ ಸೇರಿಸಿದೆ. ಆನ್‌ಡಿಸ್ಟ್ರಾಯ್ (ಕೆಡವುವಾಗಿನ ಕರೆ) ಆಗಿ 5 ಸೆಕೆಂಡ್ ಕಳೆದರೂ ಹೋಗದ ಆಕ್ಟಿವಿಟಿಯನ್ನು ಯಾರು ಹಿಡಿದಿಟ್ಟಿದ್ದಾರೆ ಅಂತ ಅದು ಕೊಂಡಿ ಕೊಂಡಿಯಾಗಿ ತೋರಿಸುತ್ತದೆ. ಹಿಡಿದಿಟ್ಟದ್ದು ತಕ್ಕಡಿಯ ಸಿಂಗಲ್‌ಟನ್ (ಇಡೀ ಆ್ಯಪ್‌ಗೆ ಒಂದೇ ಇರುವ ವಸ್ತು), ಅದರೊಳಗಿನ ಲಿಸನರ್ ಪಟ್ಟಿ, ಅಂದರೆ ತೂಕ ಬಂದಾಗ ಯಾರಿಗೆಲ್ಲ ತಿಳಿಸಬೇಕು ಎಂಬ ಪಟ್ಟಿ.

ಆ ಪಟ್ಟಿಯಿಂದ ರಿಮೂವ್ ಮಾಡಿದ್ದೇನಲ್ಲ! ಮಾಡಿದ್ದೆ ಹೌದು. ಸೇರಿಸುವಾಗ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್), ತೆಗೆಯುವಾಗ ಅದೇ ಸಾಲನ್ನು ಕಾಪಿ ಹೊಡೆದ ಇನ್ನೊಂದು. ಕಣ್ಣಿಗೆ ಒಂದೇ, ಆ್ಯಪ್ ಬರೆದ ಕಾಟ್ಲಿನ್ ಭಾಷೆಗೆ ಬೇರೆಬೇರೆ. ಪಟ್ಟಿಯಲ್ಲಿಲ್ಲದ್ದನ್ನು ತೆಗೆ ಅಂದರೆ ಅದು ತಕರಾರು ಮಾಡುವುದಿಲ್ಲ, ಸುಮ್ಮನಿರುತ್ತದೆ. ಲ್ಯಾಂಬ್ಡಾವನ್ನು ಒಂದು ‘ವ್ಯಾಲ್’ನಲ್ಲಿ (ಬದಲಾಗದ ಹೆಸರಿನಲ್ಲಿ) ಇಟ್ಟು, ಪರದೆ ಕಾಣಿಸುವಾಗಿನ ಆನ್‌ಸ್ಟಾರ್ಟ್‌ನಲ್ಲಿ ಅದನ್ನೇ ಸೇರಿಸಿ, ಮರೆಯಾಗುವಾಗಿನ ಆನ್‌ಸ್ಟಾಪ್‌ನಲ್ಲಿ ಅದನ್ನೇ ತೆಗೆದೆ. ಹಿಡಿತ ಸಡಿಲ ಇರುವ ವೀಕ್‌ರೆಫರೆನ್ಸ್ ಸುತ್ತಿಬಿಡು ಅಂದಿದ್ದ ಒಬ್ಬ ಗೆಳೆಯ. ಸೋರುವ ಮಾಡಿನ ಕೆಳಗೆ ಬಾಲ್ದಿ ಇಡುವ ಕೆಲಸ ಅದು, ನನಗೆ ಸೇರದು.

‘ಲೀಕ್ಡ್ ವಿಂಡೋ’ ಎಂಬ ಕೆಂಪು ಸಾಲೂ ಲಾಗ್‌ನಲ್ಲಿತ್ತು. "ತಕ್ಕಡಿ ಹುಡುಕುತ್ತಿದೆ" ಎಂಬ ಡಯಲಾಗ್ ತೆರೆದಿರುವಾಗಲೇ ಫೋನು ತಿರುಗಿದರೆ ಅದರ ಕಿಟಕಿಯನ್ನು ಸಿಸ್ಟಮ್ಮೇ ಕಿತ್ತುಹಾಕುತ್ತದೆ. ಆಮೇಲೆ ತಕ್ಕಡಿ ಸಿಕ್ಕಿ, ಆಗ ಓಡಲೆಂದು ಇಟ್ಟಿದ್ದ ಹಳೆ ಕಾಲ್‌ಬ್ಯಾಕ್ ‘ಡಿಸ್‌ಮಿಸ್’ (ಮುಚ್ಚು) ಅಂದರೆ ಕಿಟಕಿಯೇ ಇಲ್ಲ, ಆ್ಯಪ್ ಢಮಾರ್. ಆನ್‌ಡಿಸ್ಟ್ರಾಯ್‌ನಲ್ಲಿ ನಾನೇ ಮುಚ್ಚಿ, ಡಯಲಾಗನ್ನು ಇಟ್ಟಿದ್ದ ವೇರಿಯೆಬಲನ್ನು ನಲ್ (ಖಾಲಿ) ಮಾಡಿದೆ.

ಮತ್ತೆ ಹತ್ತು ಸಲ ತಿರುಗಿಸಿದೆ. ಆಕ್ಟಿವಿಟೀಸ್: 1.

ವಾರ ಬಿಟ್ಟು ಅವರ ಫೋನ್ ಬಂತು. "ಈಗ ನಿದ್ದೆ ಇಲ್ಲ. ಆದ್ರೆ ಈ ಕರಿಗೋಟಿನ ಬಟನ್ ಪಟೋರದ ಪಕ್ಕವೇ ಯಾಕೆ ಇಟ್ಟಿದ್ದಿ? ದಿನಾ ತಪ್ಪಿ ಒತ್ತಿ ಹೋಗ್ತದೆ."