ಶಾಲ್ಮಲೆಯ ಬೆನ್ನು ಹಿಡಿದು ಕಡಲಿನವರೆಗೆ: ಟೆಂಟ್ ಜೊತೆ ಮೂರು ದಿನ

ಹುಬ್ಬಳ್ಳಿ-ಧಾರವಾಡದಿಂದ ಅಂಕೋಲಾಕ್ಕೆ ಕಾರಿನಲ್ಲಿ ಮೂರು-ನಾಲ್ಕು ತಾಸು ಸಾಕು. ಅದೇ ದಾರಿಗೆ ಮೂರು ದಿನ ಕೊಡಿ ಎಂದು ಕೇಳಲು ಕಾರಣವಿದೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯೂ ಹುಬ್ಬಳ್ಳಿ ಕಡೆಯಿಂದ ಬರುವ ಹಳ್ಳವೂ ಕಲಘಟಗಿ ಹತ್ತಿರ ಕೂಡಿ ಬೇಡ್ತಿಯಾಗುತ್ತವೆ. ಆ ಬೇಡ್ತಿ ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ನಮ್ಮೂರಿನ ಮಳೆನೀರು ಹೋಗುವ ದಾರಿಯನ್ನು ಒಮ್ಮೆಯಾದರೂ ನಿಧಾನವಾಗಿ ನೋಡಬೇಕು.

ಮೊದಲು ಕಾಲ ನೋಡಿ

ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಹೊರಡಿ. ಜಲಪಾತದಲ್ಲಿ ನೀರಿರುತ್ತದೆ, ಉಂಬಳದ ಕಾಟ ಇಳಿದಿರುತ್ತದೆ. ಮಳೆಗಾಲದಲ್ಲಿ ಖಂಡಿತ ಬೇಡ. 2021ರ ಜುಲೈ ಪ್ರವಾಹದಲ್ಲಿ ಗಂಗಾವಳಿ ಗುಳ್ಳಾಪುರದ ಸೇತುವೆಯನ್ನೇ ಕೊಚ್ಚಿಕೊಂಡು ಹೋಗಿತ್ತು.

ಬೀಡು ಬಿಡುವ ಜಾಗ

ಕಂಡ ಕಾಡಿನಲ್ಲಿ ಟೆಂಟ್ ಹೂಡುವಂತಿಲ್ಲ. ಕಾಯ್ದಿಟ್ಟ ಅರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು, ಬೆಂಕಿ ಹಚ್ಚುವುದು ಅಪರಾಧ. ಯಲ್ಲಾಪುರದ ಸುತ್ತ ಅಡಿಕೆ ತೋಟದ ನಡುವೆ ಹೋಂಸ್ಟೇ ನಡೆಸುವ ಮನೆಗಳಿವೆ. ಮುಂಚೆಯೇ ಫೋನ್ ಮಾಡಿ, ಟೆಂಟಿಗೆ ಜಾಗ ಕೊಡುತ್ತೀರಾ ಎಂದು ಕೇಳಿ. ಅದು ಅಡಿಕೆ ಕೊಯ್ಲಿನ ಕಾಲ, ಅಂಗಳದ ತುಂಬ ಅಡಿಕೆ ಹರವಿರುತ್ತದೆ. ಹೇಳದೆ ಹೋಗಿ ನಿಂತರೆ ಮನೆಯವರಿಗೆ ತೊಂದರೆ.

ಬುತ್ತಿ

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿ, ಉಪ್ಪಿನಕಾಯಿ. ಇಷ್ಟಿದ್ದರೆ ಒಲೆ ಹೊತ್ತಿಸದೆಯೇ ಮೊದಲ ರಾತ್ರಿ ಕಳೆಯುತ್ತದೆ. ಚಹಾಕ್ಕೆ ಪುಟ್ಟ ಗ್ಯಾಸ್ ಸ್ಟೋವ್ ಇರಲಿ.

ದಾರಿ

ಮೊದಲ ದಿನ ಧಾರವಾಡದಿಂದ ಕಲಘಟಗಿ ಮೂಲಕ ಯಲ್ಲಾಪುರ. ಎಪ್ಪತ್ತು ಕಿಲೋಮೀಟರಿನ ಆಸುಪಾಸಿನ ಈ ದಾರಿಯಲ್ಲಿ ಜೋಳದ ಹೊಲ ಹೋಗಿ ಭತ್ತದ ಗದ್ದೆ ಬರುತ್ತದೆ, ಗದ್ದೆ ಮುಗಿಯುವಷ್ಟರಲ್ಲಿ ತೇಗ. ಎಲ್ಲಿ ಬದಲಾಯಿತು ಎಂದು ಗುರುತಿಸಬೇಕೆಂದರೆ ನಾಲ್ಕು ಕಡೆ ಇಳಿಯಲೇಬೇಕು.

ಎರಡನೆಯ ದಿನವಿಡೀ ಮಾಗೋಡಿಗೆ. ಬೇಡ್ತಿ ಇಲ್ಲಿ ಸುಮಾರು 200 ಮೀಟರ್ ಆಳಕ್ಕೆ ಹಂತ ಹಂತವಾಗಿ ಬೀಳುತ್ತದೆ. ಸಂಜೆ ಜೇನುಕಲ್ಲು ಗುಡ್ಡಕ್ಕೆ ಹೋಗಿ, ಕೆಳಗಿನ ಕಣಿವೆಯಲ್ಲಿ ಬೆಳ್ಳಗೆ ಹೊರಳುವ ನದಿಯನ್ನು ನೋಡಿ. ಬೇಡ್ತಿ ಜಲವಿದ್ಯುತ್ ಯೋಜನೆ 1980ರ ದಶಕದಲ್ಲಿ ಜನರ ವಿರೋಧದಿಂದ ನಿಂತಿತು. ವಿರೋಧಿಸಿದವರಲ್ಲಿ ಈ ತೋಟಗಳ ರೈತರೂ ಇದ್ದರು. ಆ ಋಣ ನೆನೆಯದೆ ಅಲ್ಲಿ ನಿಲ್ಲಲು ನನಗೆ ಆಗುವುದಿಲ್ಲ.

ಮೂರನೆಯ ದಿನ ಅರಬೈಲ್ ಘಟ್ಟ ಇಳಿದು, ರಾಮನಗುಳಿ, ಸುಂಕಸಾಳ ದಾಟಿ, ಗಂಗಾವಳಿ ಕಡಲು ಸೇರುವ ಮಂಜಗುಣಿಯ ಅಳಿವೆಗೆ.

ಟೆಂಟ್ ಹೂಡುವಾಗ

ನಾವು ಎಡವುವುದು ಇಲ್ಲಿಯೇ. ನಮ್ಮ ಎರೆ ಮಣ್ಣಿನಲ್ಲಿ ಗೂಟ ಸಲೀಸಾಗಿ ಇಳಿಯುತ್ತದೆ. ಘಟ್ಟದ ಜಂಬಿಟ್ಟಿಗೆ ನೆಲದಲ್ಲಿ ನಾಲ್ಕು ಬೆರಳು ಇಳಿಯುವುದರೊಳಗೆ ಟಣ್ ಎಂದು ಬಾಗಿಬಿಡುತ್ತದೆ. ಬಡಿಯುತ್ತಾ ಕೂರಬೇಡಿ. ತೆಂಗಿನಕಾಯಿ ಗಾತ್ರದ ಕಲ್ಲಿಗೆ ಹಗ್ಗವನ್ನು ಎರಡು ಸುತ್ತು ಸುತ್ತಿ, ಅದರ ಮುಂದೆ, ಟೆಂಟಿನ ಕಡೆಗೆ, ಇನ್ನೂ ದೊಡ್ಡ ಕಲ್ಲನ್ನು ಒರಗಿಸಿ. ಗಾಳಿಗೆ ಅಲುಗುವುದಿಲ್ಲ.

ಕೆಳಗೆ ತಾಡಪತ್ರಿ ಹಾಸಿ, ಅಂಚು ಟೆಂಟಿನ ಹೊರಗೆ ಚಾಚದಂತೆ ಒಳಕ್ಕೆ ಮಡಚಿ. ಚಾಚಿದರೆ ಇಬ್ಬನಿ ಅದರ ಮೇಲೆ ಇಳಿದು ಹಾಸಿಗೆಯ ಅಡಿಗೇ ಬರುತ್ತದೆ. ಚಳಿಯೆಂದು ಗಾಳಿಕಿಂಡಿ ಮುಚ್ಚಬೇಡಿ. ನಿಮ್ಮ ಉಸಿರೇ ಹನಿಯಾಗಿ ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ.

ಒಣ ತರಗೆಲೆಯ ಮೇಲೆ ಹೂಡಬೇಡಿ. ರಕ್ತ ಹೀರುವ ಉಣ್ಣೆಗಳಿರುವುದು ಅಲ್ಲಿಯೇ, ಮಂಗನ ಕಾಯಿಲೆ ಹರಡುವುದು ಅವುಗಳಿಂದಲೇ. ನದಿಯ ಮರಳದಂಡೆ ಎಷ್ಟೇ ಚಂದ ಕಂಡರೂ ಮಲಗುವ ಜಾಗವಲ್ಲ. ಮೇಲ್ಗಡೆ ಅಕಾಲಿಕ ಮಳೆಯಾದರೆ ಕತ್ತಲಲ್ಲಿ ನೀರು ಏರಿದ್ದು ಗೊತ್ತೇ ಆಗುವುದಿಲ್ಲ.

ಮರಳುವಾಗ

ಅರಬೈಲ್ ಘಟ್ಟವನ್ನು ಹಗಲಿನಲ್ಲೇ ಏರಿ. ತಿರುವುಗಳಲ್ಲಿ ಲಾರಿಗಳ ಸಾಲು ಇರುತ್ತದೆ, ಹಿಂದಿಕ್ಕುವ ಆತುರ ಬೇಡ. ಕಸವೆಲ್ಲ ಚೀಲದಲ್ಲಿ ವಾಪಸ್ ಬರಲಿ. ಮನೆ ಮುಟ್ಟಿದ ದಿನವೇ ಟೆಂಟನ್ನು ಮಾಳಿಗೆಯ ಮೇಲೆ ಹರವಿ. ಹಸಿಯಾಗಿಯೇ ಸುತ್ತಿಟ್ಟರೆ ವಾರದೊಳಗೆ ಬೂಸಲು ಹಿಡಿಯುತ್ತದೆ.