ಸಿಸೇರಿಯನ್ ಆದ ಮೊದಲ ರಾತ್ರಿ: ನೋವು ತಗ್ಗಿಸುವ ಕೆಲಸದಲ್ಲಿ ನನ್ನ ಅನುಭವ

ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಇಂಜೆಕ್ಷನ್‌ನಲ್ಲಿ ನಾನು ನೋವು ತಡೆಯುವ ಮದ್ದಾದ ಮಾರ್ಫಿನ್ 100 ಮೈಕ್ರೋಗ್ರಾಂ ಸೇರಿಸುತ್ತೇನೆ. ಜಾಸ್ತಿ ಹಾಕಿದರೆ ಇನ್ನೊಂದಿಷ್ಟು ಹೊತ್ತು ನೋವು ತಡೆಯಬಹುದು, ಆದರೆ ತುರಿಕೆ, ವಾಂತಿ ಹೆಚ್ಚುತ್ತವೆ. ಕೂಸನ್ನು ಎತ್ತಿಕೊಳ್ಳಬೇಕಾದವಳಿಗೆ ಅದು ಲಾಭದ ಲೆಕ್ಕ ಅಲ್ಲ.

ನಾನು ಕೊಪ್ಪಳ ಜಿಲ್ಲೆಯಲ್ಲಿ ಅರಿವಳಿಕೆ ವೈದ್ಯೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯಿಂದ ಬರುವವರೇ ಹೆಚ್ಚು. ಆ ಇಂಜೆಕ್ಷನ್‌ನ ಮುಖ್ಯ ಮದ್ದು ಬುಪಿವಕೇನ್‌ನಿಂದ ಸೊಂಟದ ಕೆಳಗೆ ಜೋಮು ಹಿಡಿಯುತ್ತದೆ, ಆಪರೇಷನ್ ಮುಗಿಯುತ್ತದೆ, ಎರಡು ಮೂರು ಗಂಟೆಗೆ ಜೋಮು ಬಿಡುತ್ತದೆ. ಫೆಂಟನಿಲ್ 10ರಿಂದ 15 ಮೈಕ್ರೋಗ್ರಾಂ ಕೂಡ ಸೇರಿಸುತ್ತೇನೆ. ಅದು ಬೇಗ ಹಿಡಿಯುತ್ತದೆ, ಗರ್ಭಕೋಶ ಎಳೆದಾಗ ಆಗುವ ಸಂಕಟ ತಡೆಯುತ್ತದೆ, ಆದರೆ ಕೆಲವೇ ಗಂಟೆಯಲ್ಲಿ ಮುಗಿದುಹೋಗುತ್ತದೆ. ಮಾರ್ಫಿನ್ ಹಾಗಲ್ಲ. ಅದು ಕೊಬ್ಬಿಗಿಂತ ನೀರಿನಲ್ಲಿ ಚೆನ್ನಾಗಿ ಕರಗುವ ಮದ್ದು. ಬೆನ್ನುಹುರಿ ಸುತ್ತಲಿನ ದ್ರವದಲ್ಲೇ ಉಳಿದು ನಿಧಾನ ಕೆಲಸ ಮಾಡುತ್ತದೆ. ಹಿಡಿಯಲು ಒಂದು ಗಂಟೆಯಷ್ಟು ಬೇಕು, ಹಿಡಿದರೆ 12ರಿಂದ 24 ಗಂಟೆ.

ಅಳತೆಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಪ್ರಿಸರ್ವೇಟಿವ್ (ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ ಆಂಪೂಲ್ ಮಾತ್ರ ಮುಟ್ಟುತ್ತೇನೆ. ನಮ್ಮ ಆಂಪೂಲ್‌ನಲ್ಲಿ 10 ಮಿಲಿಗ್ರಾಂ ಇರುತ್ತದೆ, ಅಂದರೆ ಬೇಕಾದ್ದರ ನೂರು ಪಟ್ಟು! ಸಲೈನ್ ಹಾಕಿ 10 ಎಂಎಲ್ ಮಾಡಿ, ಅದರಲ್ಲಿ 0.1 ಎಂಎಲ್ ಎಳೆಯಬೇಕು. ಇಲ್ಲೇ ಅಪಾಯ. ಇನ್ಸುಲಿನ್ ಸಿರಿಂಜ್ ಎರಡು ಥರ ಬರುತ್ತದೆ, ಎಂಎಲ್‌ಗೆ 100 ಯೂನಿಟ್ ಗುರುತಿನದು, 40 ಯೂನಿಟ್ ಗುರುತಿನದು. 100ರ ಸಿರಿಂಜ್‌ನಲ್ಲಿ 0.1 ಎಂಎಲ್ ಅಂದರೆ 10 ಯೂನಿಟ್, 40ರದ್ದರಲ್ಲಿ 4 ಯೂನಿಟ್. 40ರ ಸಿರಿಂಜ್‌ನಲ್ಲಿ 10ರವರೆಗೆ ಎಳೆದರೆ ಎರಡೂವರೆ ಪಟ್ಟು ಮದ್ದು ಹೋಗುತ್ತದೆ. ಅದಕ್ಕೇ ನಾನು ಎಂಎಲ್ ಗುರುತು ಇರುವ ಸಿರಿಂಜನ್ನೇ ಬಳಸುತ್ತೇನೆ. ಸಿಸ್ಟರ್ ಲೇಬಲ್ ಜೋರಾಗಿ ಓದಬೇಕು, ನಾನೂ ಓದಬೇಕು. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಂಪೂಲ್ ನನ್ನ ಟ್ರೇ ಹತ್ತಿರ ಸುಳಿಯಬಾರದು. ಅದು ತಪ್ಪಿ ಬೆನ್ನಿಗೆ ಹೋದರೆ ಜೀವಕ್ಕೇ ಕುತ್ತು.

ಇಷ್ಟೆಲ್ಲ ಆದರೂ ಅರ್ಧ ಕೆಲಸ ಉಳಿದೇ ಇರುತ್ತದೆ. ಅದು ವಾರ್ಡ್‌ನದ್ದು.

“ಮೇಡಂರೀ, ಮುಖ ಎಲ್ಲ ಕಡಿಯಾಕ ಹತ್ತೈತ್ರಿ.” ಬಾಣಂತಿ ಮೂಗು, ಕೆನ್ನೆ ಉಜ್ಜಿಕೊಳ್ಳುತ್ತಿರುತ್ತಾಳೆ. ಪಕ್ಕದಲ್ಲಿ ಅತ್ತೆ, “ನಂಜಾತೇನ್ರಿ?” ಅನ್ನುತ್ತಾರೆ. ನಂಜೂ ಅಲ್ಲ, ಅಲರ್ಜಿಯೂ ಅಲ್ಲ. ದದ್ದು, ಉಬ್ಬಸ ಇಲ್ಲವೆಂದು ನೋಡಿಕೊಂಡು, ಮದ್ದಿನ ಗುಣ ಇದು, ನಾಳೆ ಹೊತ್ತಿಗೆ ಹೋಗುತ್ತೆ ಅಂತ ಹೇಳುತ್ತೇನೆ. ಇದನ್ನು ಆಪರೇಷನ್‌ಗೆ ಮೊದಲೇ ಹೇಳಿಟ್ಟರೆ ಗಾಬರಿ ಕಡಿಮೆ. ವಾರ್ಡ್‌ನಲ್ಲಿ ತಕ್ಷಣ ಏವಿಲ್ (ಅಲರ್ಜಿಯ ಮದ್ದು) ಕೊಡುವ ಅಭ್ಯಾಸ ಇದೆ ನೋಡಿ, ಅದನ್ನು ಬಿಡಿಸೋಕೆ ನಾನು ಬಹಳ ಬೈದಾಡಿದ್ದೇನೆ. ಈ ತುರಿಕೆಗೆ ಹಿಸ್ಟಮಿನ್ (ಅಲರ್ಜಿಯಲ್ಲಿ ಮೈ ಬಿಡುವ ರಾಸಾಯನಿಕ) ಕಾರಣ ಅಲ್ಲ. ಏವಿಲ್‌ನಿಂದ ತುರಿಕೆ ಹೋಗಲ್ಲ, ಸುಮ್ನೆ ನಿದ್ದೆ ಬರುತ್ತೆ. ತೀರಾ ತಡೆಯಲಾಗದಿದ್ದರೆ ನಾಲ್ಬುಫಿನ್ 3 ಮಿಲಿಗ್ರಾಂ ರಕ್ತನಾಳಕ್ಕೆ ಕೊಡುತ್ತೇನೆ, ಕೆಲಸ ಮಾಡುತ್ತದೆ.

ಆ ನಿದ್ದೆಗೆ ನಾನು ಇಷ್ಟು ಹೆದರಲು ಕಾರಣ ಇದೆ. ಮಾರ್ಫಿನ್ ಮೆಲ್ಲಗೆ ಮೇಲಕ್ಕೆ, ಮೆದುಳಿನ ಕಡೆಗೆ ಏರುತ್ತದೆ. ಅಪರೂಪಕ್ಕೆ, ಆರೇಳು ಗಂಟೆ ಕಳೆದ ಮೇಲೂ, ಉಸಿರು ನಿಧಾನವಾಗಬಹುದು. ಅಷ್ಟು ಹೊತ್ತಿಗೆ ನಾವೆಲ್ಲ ಮನೆಯಲ್ಲಿರುತ್ತೇವೆ ಅಲ್ವಾ? ಅದಕ್ಕೆ ಮೊದಲ 12 ಗಂಟೆ ಗಂಟೆಗೊಮ್ಮೆ, ಆಮೇಲೆ 24ರವರೆಗೆ ಎರಡು ಗಂಟೆಗೊಮ್ಮೆ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ ಬರೆಯಬೇಕು. ಕರೆದರೆ ಕಣ್ಣು ಬಿಡುತ್ತಾಳಾ ಅನ್ನುವುದನ್ನೂ ಬರೆಯಬೇಕು, ಯಾಕೆಂದರೆ ಮಂಪರು ಸಾಮಾನ್ಯವಾಗಿ ಮೊದಲು ಬರುತ್ತದೆ, ಉಸಿರು ಇಳಿಯುವುದು ಆಮೇಲೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದನ್ನೇ ನಂಬಬೇಡಿ. ಆಕ್ಸಿಜನ್ ಹಚ್ಚಿದ್ದರೆ ಅದು ತಡವಾಗಿ ಹೇಳುತ್ತದೆ. ಉಸಿರು ನಿಮಿಷಕ್ಕೆ 10ಕ್ಕಿಂತ ಕಡಿಮೆಯಾದರೆ ಎಬ್ಬಿಸಿ, ಆಕ್ಸಿಜನ್ ಕೊಟ್ಟು, ನನಗೆ ಫೋನ್ ಮಾಡಬೇಕು. ಮಾರ್ಫಿನ್‌ನ ಪರಿಣಾಮ ಇಳಿಸುವ ನಲೋಕ್ಸೋನ್ 0.4 ಮಿಲಿಗ್ರಾಂ ಆಂಪೂಲ್ ಬಾಣಂತಿ ವಾರ್ಡ್‌ನಲ್ಲೇ ಇರಬೇಕು, ಬೀಗ ಹಾಕಿದ ಸ್ಟೋರ್‌ನಲ್ಲಲ್ಲ. ಅದನ್ನು ಸಲೈನ್ ಹಾಕಿ 10 ಎಂಎಲ್ ಮಾಡಿಕೊಂಡು ಒಂದೊಂದೇ ಎಂಎಲ್ ಕೊಡಬೇಕು. ಕೇಸ್‌ಶೀಟ್ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಡುತ್ತೇನೆ: 24 ಗಂಟೆ ನನ್ನನ್ನು ಕೇಳದೆ ಫಿನರ್ಗನ್, ಫೋರ್ಟ್‌ವಿನ್, ಟ್ರಮಡಾಲ್ ಬೇಡ. ಇವೂ ಮಂಪರು ತರುವ ಮದ್ದುಗಳೇ. ಹಾಲುಣಿಸುವ ತಾಯಿಗೆ ಟ್ರಮಡಾಲ್ ಬೇಡ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಬೆನ್ನಿಗೆ ಹಾಕಿದ ಮಾರ್ಫಿನ್ ಹಾಲಿಗೆ ಹೋಗುವುದು ತೀರಾ ಅತ್ಯಲ್ಪ, ಹಾಲು ಕುಡಿಸಲು ತಡ ಮಾಡಬೇಕಿಲ್ಲ.

ಮಾರ್ಫಿನ್ ಜೊತೆ ಪ್ಯಾರಸಿಟಮಾಲ್ 6 ಗಂಟೆಗೊಮ್ಮೆ, ಇನ್ನೊಂದು ನೋವಿನ ಮದ್ದು ಡೈಕ್ಲೋಫೆನಾಕ್ 12 ಗಂಟೆಗೊಮ್ಮೆ. ಕೇಳಿದಾಗ ಅಲ್ಲ, ಗಡಿಯಾರ ನೋಡಿ. ಪ್ಯಾರಸಿಟಮಾಲ್ 1 ಗ್ರಾಂ ಅಂತ ಕಣ್ಣು ಮುಚ್ಚಿ ಬರೆಯಬಾರದು. ನಮ್ಮಲ್ಲಿ 50 ಕೆಜಿ ಇಲ್ಲದವರು ಬಹಳ, ಅವರಿಗೆ ಕೆಜಿಗೆ 15 ಮಿಲಿಗ್ರಾಂ ಲೆಕ್ಕ. ರಕ್ತಸ್ರಾವ ಜಾಸ್ತಿ ಇದ್ದರೆ, ಕಿಡ್ನಿ ತೊಂದರೆ ಇದ್ದರೆ, ಪ್ಲೇಟ್‌ಲೆಟ್ ಇಳಿದಿದ್ದರೆ ಡೈಕ್ಲೋಫೆನಾಕ್ ಇಲ್ಲ.

“ಬ್ಯಾನಿ ಐತೇನು ತಂಗಿ?” ಅಂದರೆ ನಮ್ಮ ಹೆಣ್ಣುಮಕ್ಕಳು “ಇಲ್ರಿ” ಅಂದುಬಿಡುತ್ತಾರೆ, ಹಿರಿಯರು ಪಕ್ಕದಲ್ಲಿದ್ದರಂತೂ ಮುಗಿದೇ ಹೋಯಿತು. ಹಾಗಾಗಿ ನಾನು ಕೇಳುವುದಕ್ಕಿಂತ ಮಾಡಿಸಿ ನೋಡುತ್ತೇನೆ. ಮಗ್ಗುಲಾಗು, ಒಮ್ಮೆ ಕೆಮ್ಮು, ಕೂಸನ್ನು ಎದೆಗೆ ಹಚ್ಚಿಕೋ. ಹಲ್ಲು ಕಚ್ಚಿದರೆ ನೋವು ಇದೆ ಅಂತಲೇ ಲೆಕ್ಕ.

ಮಾರ್ಫಿನ್ ಎಲ್ಲ ಕಡೆ ಸಿಗುವುದಿಲ್ಲ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದು ದಾರಿ ಸಲೀಸಾಗಿದೆ, ಆದರೂ ಆಸ್ಪತ್ರೆಗೆ ಮಾನ್ಯತೆ ಬೇಕು, ಒಂದೊಂದು ಆಂಪೂಲ್‌ಗೂ ರಿಜಿಸ್ಟರ್ ಬೇಕು. ಸ್ಟಾಕ್ ಇಲ್ಲದ ದಿನ, ಅಥವಾ ರಾತ್ರಿ ಉಸಿರು ಎಣಿಸಲು ಸಿಸ್ಟರ್ ಇಲ್ಲದ ದಿನ, ನಾನು ಮಾರ್ಫಿನ್ ಬಿಟ್ಟು ಆಪರೇಷನ್ ಕೊನೆಗೆ ಅಲ್ಟ್ರಾಸೌಂಡ್ ನೋಡಿಕೊಂಡು ಹೊಟ್ಟೆಯ ಎರಡೂ ಬದಿಗೆ ಟ್ಯಾಪ್ ಬ್ಲಾಕ್ (ಹೊಟ್ಟೆಗೋಡೆಯ ನರಗಳಿಗೆ ಜೋಮು ಹಿಡಿಸುವ ಇಂಜೆಕ್ಷನ್) ಕೊಡುತ್ತೇನೆ. ಹೊಲಿಗೆ ಜಾಗದ ನೋವು ತಗ್ಗುತ್ತದೆ, ಗರ್ಭಕೋಶ ಹಿಂಡುವ ನೋವು ತಗ್ಗುವುದಿಲ್ಲ. ಅದಕ್ಕೆ ಆ ರಾತ್ರಿ ಡೈಕ್ಲೋಫೆನಾಕ್ ಹೊತ್ತು ತಪ್ಪದ ಹಾಗೆ ನಾನೇ ಫೋನ್ ಮಾಡಿ ಕೇಳುತ್ತೇನೆ.