1250ರ ಕಾಲಾಳಿಗೆ ಗ್ಯಾಂಬಿಸನ್ ಹೊಲಿಯುವುದು: ಅರಳೆ, ಲಿನನ್ ಮತ್ತು ಉದ್ದುದ್ದ ಹೊಲಿಗೆಗಳು

ಮಧ್ಯಯುಗದ ಯೂರೋಪಿನ ಯೋಧ ಎಂದರೆ ಕಬ್ಬಿಣ ಹೊದ್ದ ಕುದುರೆ ಸವಾರನೇ ಕಣ್ಣಿಗೆ ಬರುತ್ತಾನೆ. ಆದರೆ ರೀಎನ್ಯಾಕ್ಟ್‌ಮೆಂಟ್‌ಗೆ, ಅಂದರೆ ಹಳೆಯ ಕಾಲದ ಉಡುಗೆ ತೊಟ್ಟು ಆ ಕಾಲದ ಬದುಕನ್ನೂ ಕಾಳಗವನ್ನೂ ಮರುಸೃಷ್ಟಿಸುವ ಹವ್ಯಾಸಕ್ಕೆ, ಹೊಸದಾಗಿ ಬರುವವರು ಮೊದಲು ಮಾಡಿಕೊಳ್ಳಬೇಕಾದದ್ದು ಬಟ್ಟೆಯ ಕವಚ, ಅಂದರೆ ಗ್ಯಾಂಬಿಸನ್. ಎರಡು ಪದರ ಬಟ್ಟೆಯ ನಡುವೆ ಹತ್ತಿ, ಉಣ್ಣೆ ಅಥವಾ ಹಳೆಯ ಬಟ್ಟೆ ಇಟ್ಟು ಸಾಲುಸಾಲಾಗಿ ಹೊಲಿದ ದಪ್ಪ ಅಂಗಿ ಇದು. ಸಿರಿವಂತ ಇದನ್ನು ಸರಪಳಿ ಕವಚದ ಜೊತೆಗೆ ತೊಡುತ್ತಿದ್ದ. ಬಡ ಕಾಲಾಳಿಗೆ ಇದೊಂದೇ ಕವಚ. ಇಂಗ್ಲೆಂಡಿನ ಎರಡನೇ ಹೆನ್ರಿ 1181ರಲ್ಲಿ ಹೊರಡಿಸಿದ ಆಯುಧ ಶಾಸನವು ಪಟ್ಟಣಿಗರೂ ಸಾಮಾನ್ಯ ಸ್ವತಂತ್ರ ಪ್ರಜೆಗಳೂ ಇಟ್ಟುಕೊಳ್ಳಬೇಕಾದ ಮೂರು ವಸ್ತುಗಳನ್ನು ಹೇಳುತ್ತದೆ: ವಾಂಬೈಸ್, ಕಬ್ಬಿಣದ ಟೋಪಿ, ಈಟಿ. ಆ ವಾಂಬೈಸ್ ಎಂದರೆ ಇದೇ ಅಂಗಿ.

ಕತ್ತರಿ ಹಿಡಿಯುವ ಮೊದಲು ಒಂದು ಊರು, ಒಂದು ದಶಕ, ಒಂದು ಚಿತ್ರ ಗೊತ್ತುಮಾಡಿಕೊಳ್ಳಿ. ಈ ಹವ್ಯಾಸದಲ್ಲಿ ಕಾಣುವ ತಪ್ಪುಗಳಲ್ಲಿ ಬಹುಪಾಲು ಹೊಲಿಗೆಯಲ್ಲಿ ಹುಟ್ಟುವುದಿಲ್ಲ, ಇಲ್ಲಿ ಹುಟ್ಟುತ್ತವೆ. 1250ರ ಅಂಗಿಗೆ 1360ರ ತೋಳು, ಅದಕ್ಕೆ 1470ರ ಕೊರಳಪಟ್ಟಿ ಸೇರಿದರೆ ಒಂದೊಂದು ಭಾಗವೂ ನಿಜ, ಆದರೆ ಅಂಥ ಅಂಗಿಯನ್ನು ಯಾರೂ ಯಾವತ್ತೂ ತೊಟ್ಟಿರಲಿಲ್ಲ. ಇಲ್ಲಿ ನಮ್ಮ ಆಧಾರ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿರುವ ಎಂ. 638 ಎಂಬ ಸಚಿತ್ರ ಬೈಬಲ್ ಹಸ್ತಪ್ರತಿ. ಇದು ಸುಮಾರು 1250ರ ಹೊತ್ತಿಗೆ ಫ್ರಾನ್ಸಿನಲ್ಲಿ ತಯಾರಾಯಿತು. 1608ರಲ್ಲಿ ಪೋಲೆಂಡಿನ ಕಾರ್ಡಿನಲ್ ಒಬ್ಬರ ಉಡುಗೊರೆಯಾಗಿ ಪರ್ಷಿಯಾದ ಷಾ ಅಬ್ಬಾಸನ ಕೈಸೇರಿತು. ಹಾಗಾಗಿಯೇ ಅದರ ಅಂಚುಗಳಲ್ಲಿ ಪರ್ಷಿಯನ್ ಬರಹವೂ ಇದೆ. ಕಥೆ ಹಳೆಯ ಒಡಂಬಡಿಕೆಯದಾದರೂ ಚಿತ್ರಕಾರ ಬರೆದದ್ದು ತನ್ನ ಕಾಲದ ಸೈನಿಕರನ್ನೇ. ಪುಟಗಳ ಚಿತ್ರಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಹಿಗ್ಗಿಸಿ ನೋಡಿದರೆ ಮೇಲಿಂದ ಕೆಳಗೆ ಇಳಿಯುವ ಹೊಲಿಗೆಯ ಗೆರೆಗಳು, ಮೊಣಕಾಲಿನ ತನಕದ ಉದ್ದ, ನಡೆಯಲು ಸೀಳಿದ ಕೆಳಗಿನ ಘೇರು, ಎತ್ತರದ ಬಿಗಿ ಕೊರಳಪಟ್ಟಿ, ಇಷ್ಟೂ ಕಾಣುತ್ತದೆ. ಮುಂಭಾಗದಲ್ಲಿ ಗುಂಡಿಗಳ ಸಾಲು ಕಾಣುವುದಿಲ್ಲ. ಅದು ಮುಂದಿನ ಶತಮಾನದ ಶೈಲಿ. ಆದ್ದರಿಂದ ನಮ್ಮ ಅಂಗಿಯನ್ನು ತಲೆಯ ಮೇಲಿಂದ ತೊಡಬೇಕು.

ಸಾಮಗ್ರಿ

ಹೊರಗೂ ಒಳಗೂ ಲಿನನ್ ಬಟ್ಟೆ, ಚದರ ಮೀಟರಿಗೆ 200ರಿಂದ 270 ಗ್ರಾಂ ತೂಗುವಂಥದ್ದು. ಎದೆಯ ಸುತ್ತಳತೆ 100 ಸೆಂ.ಮೀ. ಇರುವವರಿಗೆ 150 ಸೆಂ.ಮೀ. ಪನ್ನದ ಬಟ್ಟೆ ಹೊರಗಿಗೆ 3 ಮೀಟರ್, ಅಸ್ತರಿಗೆ 3 ಮೀಟರ್ ಸಾಕು. ಲಿನನ್ ಸಿಗದಿದ್ದರೆ ಒರಟು ಖಾದಿ ನಡೆಯುತ್ತದೆ. ಪಾಲಿಯೆಸ್ಟರ್ ಬೆರೆತದ್ದು ಮಾತ್ರ ಬೇಡ. ಅದು ಬೆವರನ್ನು ಒಳಗೇ ಕಟ್ಟಿಹಾಕುತ್ತದೆ, ಶಿಬಿರದ ಬೆಂಕಿಯ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಟ್ಟೆಯನ್ನು ಬಿಸಿನೀರಿನಲ್ಲಿ ಎರಡು ಸಲ ಒಗೆದು ಒಣಗಿಸಿ, ಇಸ್ತ್ರಿ ಹಾಕಿದ ಮೇಲೆಯೇ ಕತ್ತರಿಸಿ. ಲಿನನ್ ಮೊದಲ ಒಗೆತಕ್ಕೆ ಎದ್ದುಕಾಣುವಷ್ಟು ಕುಗ್ಗುತ್ತದೆ.

ಒಳಗೆ ತುಂಬಲು ಹಿಂಜಿದ ಅರಳೆ. ಫ್ರಾನ್ಸಿನ ಅಂಗಿಗೆ ಹತ್ತಿಯೇ ಎಂದು ಅನುಮಾನಪಡಬೇಕಿಲ್ಲ. ಇದೇ ಬಗೆಯ ಅಂಗಿಗೆ ಇದ್ದ ಇನ್ನೊಂದು ಹೆಸರು ಆಕಟನ್, ಅರಬ್ಬಿಯ ‘ಅಲ್ ಕುತ್ನ್’, ಅಂದರೆ ಹತ್ತಿ ಎಂಬ ಮಾತಿನಿಂದಲೇ ಬಂದದ್ದು. ಲಂಡನ್ನಿನ ಕವಚಗಾರರ 1322ರ ನಿಯಮ ಇನ್ನೂ ನೇರ: ಬಿಳಿ ಹ್ಯಾಕಟನ್‌ಗಳಿಗೆ (ಆಕಟನ್‌ನದೇ ಇನ್ನೊಂದು ರೂಪ) ಹಳೆಯ ಬಟ್ಟೆಯನ್ನೂ ಹತ್ತಿಯನ್ನೂ ತುಂಬಬೇಕು, ಒಳಹೊರಗಿನ ಬಟ್ಟೆ ಹೊಸದಾಗಿರಬೇಕು. ಹಾಸಿಗೆ ತುಂಬುವ ಅಂಗಡಿಗೆ ಹೋಗಿ ಬೀಜ, ಕಸಕಡ್ಡಿ ಇಲ್ಲದ ಅರಳೆಯನ್ನು ಹಾಳೆಯಂತೆ ಹಿಂಜಿಸಿ ತನ್ನಿ. ಗಂಟುಗಂಟಾದ ಹಳೆಯ ಹಾಸಿಗೆ ಹತ್ತಿ ಬೇಡ. ಅದರ ನಾರು ತುಂಡಾಗಿ ಪುಡಿಯಾಗಿರುತ್ತದೆ, ಒಂದೇ ತಿಂಗಳಲ್ಲಿ ಅಂಗಿಯ ಕೆಳತುದಿಗೆ ಜಾರಿ ಕೂರುತ್ತದೆ.

ಅರಳೆ ಎಷ್ಟು ಬೇಕು? ಚದರ ಮೀಟರಿಗೆ 700 ಗ್ರಾಂ ಹಿಡಿದರೆ ಹೊಲಿದ ಮೇಲೆ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪ ಬರುತ್ತದೆ. ಇಡೀ ಅಂಗಿಯ ವಿಸ್ತಾರ 2.2 ಚದರ ಮೀಟರ್ ಆಸುಪಾಸು, ಅಂದರೆ ಒಂದೂವರೆ ಕಿಲೋ. ಮೇಲೆ ಸರಪಳಿ ಕವಚ ಇಲ್ಲದೆ ಇದನ್ನೊಂದನ್ನೇ ತೊಡುವುದಾದರೆ ಎದೆಗೂ ಹೆಗಲಿಗೂ ಇನ್ನೊಂದು ಪದರ ಬೇಕು, ಅದಕ್ಕೆ 400 ಗ್ರಾಂ. ಎರಡೂವರೆ ಕಿಲೋ ಕೊಂಡರೆ ಕೊರತೆಯಾಗದು. ಮುಗಿದ ಅಂಗಿ ಮೂರು ಕಿಲೋದಷ್ಟು ತೂಗುತ್ತದೆ.

ಜೇನುಮೇಣ ಸವರಿದ ಲಿನನ್ ದಾರ, ಗಟ್ಟಿ ಸೂಜಿ, ಬೆರಳಿಗೆ ಅಂಗುಸ್ತಾನ. ಬೇರೇನೂ ಬೇಡ.

ತುಂಡು ಹೊಲಿದು ನೋಡಿ

ಇದನ್ನು ಬಿಟ್ಟವರ ಅಂಗಿ ಹೆಚ್ಚುಕಡಿಮೆ ಎಲ್ಲವೂ ಬಿಗಿಯಾಗುತ್ತದೆ. 30 ಸೆಂ.ಮೀ. ಚೌಕದ ಎರಡು ಬಟ್ಟೆ ತುಂಡುಗಳ ನಡುವೆ 65 ಗ್ರಾಂ ಅರಳೆ ಹರಡಿ, 3 ಸೆಂ.ಮೀ.ಗೊಂದು ಗೆರೆಯಂತೆ ಹೊಲಿಯಿರಿ. ಈಗ ಗೆರೆಗಳಿಗೆ ಅಡ್ಡಲಾಗಿ ಅಳೆಯಿರಿ. 30 ಇದ್ದದ್ದು 26ಕ್ಕೆ ಇಳಿದಿರಬಹುದು, ಏಕೆಂದರೆ ಪ್ರತಿ ಸಾಲಿನಲ್ಲೂ ಬಟ್ಟೆ ಉಬ್ಬಿ ಕಮಾನಾಗುತ್ತದೆ. 30ನ್ನು 26ರಿಂದ ಭಾಗಿಸಿದರೆ 1.15. ಅಗಲದ ಅಳತೆಗಳನ್ನೆಲ್ಲ ಈ ಸಂಖ್ಯೆಯಿಂದ ಗುಣಿಸಬೇಕು. ನಿಮ್ಮ ಅರಳೆ, ನಿಮ್ಮ ಕೈಬಿಗಿ ಬೇರೆ, ಆದ್ದರಿಂದ ನಿಮ್ಮ ಸಂಖ್ಯೆಯೂ ಬೇರೆ ಬರುತ್ತದೆ. ಉದ್ದದಲ್ಲಿ ಹೆಚ್ಚು ಕುಗ್ಗುವುದಿಲ್ಲ, 5 ಸೆಂ.ಮೀ. ಹೆಚ್ಚು ಇಟ್ಟುಕೊಂಡರೆ ಸಾಕು.

ಇನ್ನೊಂದು ಲೆಕ್ಕ ದಪ್ಪದ್ದು. ಒಂದೂವರೆ ಸೆಂ.ಮೀ. ದಪ್ಪದ ಅಂಗಿ ಮೈಯನ್ನು ಸುತ್ತಿದಾಗ ಹೊರಗಿನ ಸುತ್ತಳತೆ ಒಳಗಿನದಕ್ಕಿಂತ ಸುಮಾರು 9.4 ಸೆಂ.ಮೀ. ಹೆಚ್ಚು. ಚಪ್ಪಟೆಯಾಗಿ ಹೊಲಿದ ಹಾಳೆಯನ್ನು ಉರುಳೆ ಮಾಡಿದಾಗ ಹೊರಬಟ್ಟೆ ಎಳೆಯುತ್ತದೆ, ಅಸ್ತರು ಸುಕ್ಕುಗಟ್ಟಿ ಒಳಜಾಗ ತಿನ್ನುತ್ತದೆ. ಮಧ್ಯದ ಸುತ್ತಳತೆ ಹಿಡಿದು ಲೆಕ್ಕ ಹಾಕಿ: ಎದೆ 100, ಉಸಿರಿಗೂ ಕೈ ಬೀಸಲಿಕ್ಕೂ 12, ದಪ್ಪಕ್ಕೆ 5, ಒಟ್ಟು 117. ಇದನ್ನು 1.15ರಿಂದ ಗುಣಿಸಿದರೆ 135ರ ಹತ್ತಿರ. ಮುಂದೊಂದು ಹಿಂದೊಂದು ಹಾಳೆ, ಒಂದೊಂದೂ 67, ಎರಡೂ ಬದಿಗೆ ಹೊಲಿಗೆಗೆ ತಲಾ 2, ಒಟ್ಟು 71 ಸೆಂ.ಮೀ. ಅಗಲ. ಹೆಗಲಿನಿಂದ ಮೊಣಕಾಲಿಗೆ 100 ಇದ್ದರೆ ಉದ್ದ 105. ಎರಡು ಹಾಳೆ 150ರ ಪನ್ನದಲ್ಲಿ ಪಕ್ಕಪಕ್ಕ ಕೂರುತ್ತವೆ.

ತೋಳಿಗೂ ಹೀಗೇ. ರಟ್ಟೆಯ ಸುತ್ತಳತೆ 34 ಇದ್ದರೆ 12 ಕೂಡಿ ಗುಣಿಸಿ, ಮೇಲಗಲ 53. ಮಣಿಕಟ್ಟಿನ ಬಳಿ ಅಳೆಯಬೇಕಾದ್ದು ಮಣಿಕಟ್ಟನ್ನಲ್ಲ, ಮುಷ್ಟಿಯನ್ನು. ಗುಂಡಿಯಿಲ್ಲದ ತೋಳಿನೊಳಗೆ ಕೈ ಹೋಗಿಬರಬೇಕಲ್ಲ.

ಹೊಲಿಗೆ

ಆಕಾರಕ್ಕೆ ಮೊದಲೇ ಕತ್ತರಿಸಬೇಡಿ. ಆಯತಾಕಾರದ ಹಾಳೆಗಳನ್ನು ಹೊಲಿದು ಮುಗಿಸಿ, ಆಮೇಲೆ ಕೊರಳು, ಹೆಗಲಿನ ಇಳಿಜಾರು ಗುರುತು ಹಾಕಿ. ಆ ಗುರುತಿನ ಒಳಬದಿಗೆ ಎರಡು ಸಾಲು ಬಿಗಿ ಹೊಲಿಗೆ ಓಡಿಸಿದ ನಂತರವೇ ಕತ್ತರಿ. ಇಲ್ಲದಿದ್ದರೆ ಸಾಲುಗಳ ದಾರ ಬಿಚ್ಚಿಕೊಂಡು ಅರಳೆ ಹೊರಬರುತ್ತದೆ.

ಅಸ್ತರನ್ನು ನೆಲಕ್ಕೆ ಹಾಸಿ, ಅರಳೆಯನ್ನು ಎರಡು ತೆಳು ಪದರಗಳಲ್ಲಿ ಹರಡಿ, ಒಂದರ ನಾರು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಮೇಲೆ ಹೊರಬಟ್ಟೆ ಹೊದಿಸಿ, ಅಂಗೈ ಅಗಲಕ್ಕೊಂದರಂತೆ ದೊಡ್ಡ ಕಚ್ಚಾ ಟಾಕು ಹಾಕಿ. ನಂತರ ಹಾಳೆಯ ನಟ್ಟನಡುವೆ ಮೊದಲ ಸಾಲು, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಎಂದು ಅಂಚಿನ ಕಡೆ ಸರಿಯುತ್ತ ಹೋಗಿ. ಪ್ರತಿ ಸಾಲೂ ಮೇಲಿಂದ ಕೆಳಕ್ಕೇ ಸಾಗಲಿ. ಒಂದು ಕೆಳಗೆ, ಮುಂದಿನದು ಮೇಲೆ ಎಂದು ಹೊಲಿದರೆ ಬಟ್ಟೆ ಓರೆಯಾಗಿ ತಿರುಚಿಕೊಳ್ಳುತ್ತದೆ. ಯಂತ್ರದಲ್ಲಿ ಹೊಲಿದರಂತೂ ಖಂಡಿತ.

ಕೌದಿ ಹೊಲಿದು ರೂಢಿಯಿರುವವರು ಇಲ್ಲಿ ಎಚ್ಚರ ವಹಿಸಬೇಕು. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ಹಳೆಯ ಬಟ್ಟೆಯ ಚಪ್ಪಟೆ ಪದರಗಳಿಗೆ ಅದು ಸೊಗಸಾಗಿ ಒಪ್ಪುತ್ತದೆ. ಒಂದೂವರೆ ಸೆಂಟಿಮೀಟರ್ ಅರಳೆಯ ಮೇಲೆ ಹಾಗೆ ಮಾಡಿದರೆ ಹೆಚ್ಚಿದ ಬಟ್ಟೆಯೆಲ್ಲ ನಡುವಿನಲ್ಲಿ ಗುಳ್ಳೆಯಾಗಿ ಏಳುತ್ತದೆ. ಸೂಜಿ ಹಿಡಿಯುವ ಕೈ ಅದೇ ಇರಲಿ, ದಿಕ್ಕು ಮಾತ್ರ ತಿರುಗಲಿ.

ಕೈಹೊಲಿಗೆಯಾದರೆ ಟಾಕು 5ರಿಂದ 6 ಮಿ.ಮೀ. ಸೂಜಿಯನ್ನು ನೆಟ್ಟಗೆ ಇಳಿಸಿ, ಕೆಳಗಿಂದ ನೆಟ್ಟಗೆ ಎತ್ತಿ. ಓರೆಯಾಗಿ ಹಲವು ಟಾಕುಗಳನ್ನು ಒಟ್ಟಿಗೆ ಎತ್ತಿದರೆ ಒಳಗಿನ ಗೆರೆ ಹೊರಗಿನ ಗೆರೆಯಿಂದ ಒಂದು ಸೆಂಟಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಈ ಅಳತೆಯ ಅಂಗಿಗೆ ತೋಳೂ ಸೇರಿ 65 ಮೀಟರಿನಷ್ಟು ಸಾಲು ಹೊಲಿಗೆ ಬೀಳುತ್ತದೆ. ಒಳಗೆ ಕಾಣದ ಜೋಡಣೆಗೆ ಯಂತ್ರ ಬಳಸಿ, ಹೊರಗೆ ಕಾಣುವ ಸಾಲುಗಳನ್ನು ಕೈಯಲ್ಲೇ ಹಾಕುವುದು ಒಳ್ಳೆಯ ರಾಜಿ.

ಮೊದಲು ಖಾಲಿ ಕೊಳವೆಗಳನ್ನು ಹೊಲಿದು ಆಮೇಲೆ ಕೋಲಿನಿಂದ ಅರಳೆ ತುರುಕುವ ವಿಧಾನವೂ ಚಾಲ್ತಿಯಲ್ಲಿದೆ. ನಾವು ಅದನ್ನು ಒಪ್ಪುವುದಿಲ್ಲ. ಕೊಳವೆ ದುಂಡಗೆ ಉಬ್ಬುತ್ತದೆ, ಎರಡು ಕೊಳವೆಗಳ ನಡುವಿನ ಗೆರೆಯಲ್ಲಿ ಅರಳೆಯೇ ಇರುವುದಿಲ್ಲ. ಕೋಲಿನ ಪೆಟ್ಟು ಅಂಥ ಕಣಿವೆಗೆ ಸರಿಯಾಗಿ ಬಿದ್ದರೆ ಪಕ್ಕೆಲುಬಿಗೆ ನೇರವಾಗಿ ತಾಗುತ್ತದೆ. ಹರಡಿ ಹೊಲಿದಾಗ ಗೆರೆಯ ಕೆಳಗೂ ಅದುಮಿದ ಅರಳೆ ಉಳಿಯುತ್ತದೆ.

ಜೋಡಿಸುವಾಗ ಕೆಡುವ ಜಾಗಗಳು

ಕೊರಳ ರಂಧ್ರವನ್ನು ಹೆಗಲ ಗೆರೆಯ ನಡುವೆ ಸರಿಯಾಗಿ ಕೊರೆಯಬೇಡಿ. ಹಿಂದಕ್ಕೆ 2 ಸೆಂ.ಮೀ. ಮಾತ್ರ, ಉಳಿದದ್ದೆಲ್ಲ ಮುಂದಕ್ಕೆ. ನಡುವೆ ಕೊರೆದರೆ ಅಂಗಿ ಹಿಂದಕ್ಕೆ ಜಾರಿ ಗಂಟಲನ್ನು ಒತ್ತುತ್ತದೆ. ತಲೆ ತೂರಲು ಮುಂದುಗಡೆ 15 ಸೆಂ.ಮೀ. ಸೀಳು, ಮುಚ್ಚಲು ಲಾಡಿ. ಲಾಡಿ ಪೋಣಿಸುವ ತೂತುಗಳನ್ನು ದಬ್ಬಳದಿಂದ ನಾರುಗಳನ್ನು ಸರಿಸಿ ಮಾಡಿ, ಸುತ್ತ ದಾರದಿಂದ ಹೊಲಿಯಿರಿ. ಲೋಹದ ಐಲೆಟ್ ಒತ್ತಿದರೆ ಹತ್ತು ಮೀಟರ್ ದೂರದಿಂದಲೇ ಇಪ್ಪತ್ತನೇ ಶತಮಾನ ಕಾಣುತ್ತದೆ. ಹಾಗೆ ಮಾಡಿದ ತೂತು ಬೇಗ ಹರಿಯುತ್ತದೆ ಕೂಡ, ಏಕೆಂದರೆ ನಾರುಗಳು ತುಂಡಾಗಿರುತ್ತವೆ.

ಹೆಗಲ ಹೊಲಿಗೆ ಕೊರಳಿನಿಂದ ತೋಳಿನ ಕಡೆಗೆ 4 ಸೆಂ.ಮೀ. ಇಳಿಯಲಿ.

ಎಲ್ಲಕ್ಕಿಂತ ಮುಖ್ಯ ಕಂಕುಳು. ದಪ್ಪ ತೋಳನ್ನು ದಪ್ಪ ಮೈಗೆ ನೇರವಾಗಿ ಸೇರಿಸಿದರೆ ಕೈ ಎತ್ತಿದಾಗ ಇಡೀ ಅಂಗಿ ಮೇಲೇಳುತ್ತದೆ, ಕೊರಳಪಟ್ಟಿ ಕಿವಿಗೆ ತಾಗುತ್ತದೆ, ಈಟಿ ಭುಜದ ಮಟ್ಟ ದಾಟುವುದಿಲ್ಲ. 12 ಸೆಂ.ಮೀ. ಚೌಕದ ಬಗಲತುಂಡನ್ನು ಅರಳೆಯಿಲ್ಲದೆ, ಎರಡೇ ಪದರ ಲಿನನ್‌ನಲ್ಲಿ ಮಾಡಿ, ಒಂದು ಮೂಲೆ ಮೈಯ ಬದಿ ಹೊಲಿಗೆಗೂ ಎದುರಿನ ಮೂಲೆ ತೋಳಿನ ಹೊಲಿಗೆಗೂ ಬರುವಂತೆ ಕೂರಿಸಿ. ಅಂಗಿ ತೊಟ್ಟು ಎರಡೂ ಕೈ ತಲೆಯ ಮೇಲೆ ಜೋಡಿಸಿ ನೋಡಿ. ಕೆಳ ಅಂಚು ನಾಲ್ಕು ಬೆರಳಿಗಿಂತ ಹೆಚ್ಚು ಮೇಲೆದ್ದರೆ ಬಗಲತುಂಡು ಚಿಕ್ಕದಾಯಿತು. ಮೊಣಕೈಯ ಮಡಿಕೆಯ ಕಡೆಗೂ ಅರಳೆ ಅರ್ಧ ಮಾತ್ರ ಇರಲಿ, ಇಲ್ಲದಿದ್ದರೆ ಕೈ ಮಡಚಿದಾಗ ರಕ್ತ ಕಟ್ಟಿ ಬೆರಳು ಜೋಮು ಹಿಡಿಯುತ್ತದೆ.

ಸೊಂಟದಿಂದ ಕೆಳಗೆ ಮುಂದೆ ಹಿಂದೆ ಸೀಳು. ಎರಡೂ ಬದಿಗೆ ಬುಡದಲ್ಲಿ 20 ಸೆಂ.ಮೀ. ಅಗಲದ ತ್ರಿಕೋನ ತುಂಡು ಸೇರಿಸಿದರೆ ಓಡಲು ಸಲೀಸು. ಸೀಳಿನ ತುದಿಯಲ್ಲಿ ಅಡ್ಡ ಟಾಕು ನಾಲ್ಕು ಸಲ ಹಾಕಿ, ಮೊದಲು ಹರಿಯುವುದು ಅಲ್ಲೇ. ಕೊರಳಪಟ್ಟಿ 6 ಸೆಂ.ಮೀ. ಎತ್ತರ. ಅದನ್ನು ಬೇರೆಯಾಗಿ, ಸಾಲುಗಳನ್ನು 1.5 ಸೆಂ.ಮೀ.ಗೆ ಹತ್ತಿರ ತಂದು ಹೊಲಿದರೆ ಬಿಗಿಯಾಗಿ ನಿಲ್ಲುತ್ತದೆ.

ಬಣ್ಣ ಮತ್ತು ಜೊತೆಯುಡುಗೆ

ಬಣ್ಣ ಹಾಕದ ಬೂದುಬಿಳಿ ಲಿನನ್ ಯಾವತ್ತೂ ತಪ್ಪಾಗದು. ಬಣ್ಣ ಬೇಕೆಂದರೆ ಮಂಜಿಷ್ಠ ಜಾತಿಯ ಬೇರಿನ ಕೆಂಪು, ವೋಡ್ ಎಲೆಯ ನೀಲಿ, ವೆಲ್ಡ್ ಗಿಡದ ಹಳದಿ ಆ ಕಾಲದವು. ಲಿನನ್ ಬಣ್ಣವನ್ನು ಉಣ್ಣೆಯಷ್ಟು ಕುಡಿಯುವುದಿಲ್ಲ, ಆದ್ದರಿಂದ ಛಾಯೆ ಮಂಕಾಗಿಯೇ ಇರಲಿ. ಅಚ್ಚ ಕಪ್ಪು ಗ್ಯಾಂಬಿಸನ್, ವಜ್ರದಾಕಾರದ ಹೊಲಿಗೆ, ಚರ್ಮದ ಪಟ್ಟಿ ಬಕಲ್‌ಗಳ ಸಾಲು, ಇವು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಅಂಗಿಗಳ ಗುರುತು, ನಮ್ಮ ಹಸ್ತಪ್ರತಿಯವಲ್ಲ.

ಹದಿನೈದನೇ ಶತಮಾನದಲ್ಲಿ ಫ್ರಾನ್ಸಿನ ಹನ್ನೊಂದನೇ ಲೂಯಿಯ ಕಾಲದ ಆದೇಶವೊಂದು 25ರಿಂದ 30 ಪದರ ಬಟ್ಟೆ ಮತ್ತು ಒಂದು ಜಿಂಕೆ ಚರ್ಮದ ಜ್ಯಾಕ್, ಅಂದರೆ ಪದರ ಪದರವಾಗಿ ಹೊಲಿದ ಕವಚದಂಗಿ, ಹೊಲಿಯಲು ಹೇಳುತ್ತದೆ. ಒಳ್ಳೆಯ ಕವಚ, ಆದರೆ ನಮ್ಮ ಸೈನಿಕನಿಗಿಂತ ಇನ್ನೂರು ವರ್ಷ ಈಚಿನದು. ವಿಜಯನಗರದ ಸೈನ್ಯದಲ್ಲೂ ಹತ್ತಿ ಒತ್ತಿ ಹೊಲಿದ ಅಂಗಿಗಳಿದ್ದವು. ಪೋರ್ಚುಗೀಸರ ಬರಹಗಳಲ್ಲಿ ಅವುಗಳ ಉಲ್ಲೇಖವಿದೆ. ಅದನ್ನು ಮಾಡುವವರು ಹಂಪಿಯ ಶಿಲ್ಪಗಳನ್ನೂ ಆ ಬರಹಗಳನ್ನೂ ಆಧಾರವಾಗಿ ಹಿಡಿದು ಬೇರೆಯೇ ಕತ್ತರಿಕೆ ಕಂಡುಕೊಳ್ಳಬೇಕು. ಫ್ರೆಂಚ್ ಅಂಗಿಗೆ ರುಮಾಲು ಸುತ್ತಿದರೆ ಅದು ವಿಜಯನಗರವಾಗುವುದಿಲ್ಲ.

ಗ್ಯಾಂಬಿಸನ್ ಒಳಗೆ ಲಿನನ್ ಅಂಗಿ, ಕಾಲಿಗೆ ಉಣ್ಣೆಯ ಹೋಸ್ ಎಂಬ ಉದ್ದನೆಯ ಕಾಲುಚೀಲ, ತಲೆಗೆ ಹತ್ತಿ ತುಂಬಿದ ಕುಲಾವಿ, ಅದರ ಮೇಲೆ ಅಗಲ ಅಂಚಿನ ಕಬ್ಬಿಣದ ಟೋಪಿ. ಉಕ್ಕಿನ ಆಯುಧದ ಅಭ್ಯಾಸಕ್ಕೆ ಇಳಿಯುವವರು ಗಂಟಲಿಗೆ ಇಂದಿನ ಗಟ್ಟಿ ರಕ್ಷಣೆಯನ್ನು ಕೊರಳಪಟ್ಟಿಯ ಒಳಗೆ ಅಡಗಿಸಿಕೊಳ್ಳಲೇಬೇಕು, ಕೈಗೂ ಮುಖಕ್ಕೂ ತಂಡದ ನಿಯಮ ಪಾಲಿಸಬೇಕು. ಗ್ಯಾಂಬಿಸನ್ ಕಡಿತದ ರಭಸವನ್ನು ನುಂಗುತ್ತದೆ, ಚೂಪು ಮೊನೆಯ ತಿವಿತವನ್ನು ಅಷ್ಟಾಗಿ ತಡೆಯುವುದಿಲ್ಲ.

ತೊಟ್ಟ ಮೇಲೆ ಅದು ಬೆವರಿನಿಂದ ಒದ್ದೆಯಾಗುತ್ತದೆ. ಯಂತ್ರದಲ್ಲಿ ಒಗೆಯಬೇಡಿ, ಅರಳೆ ಉಂಡೆಕಟ್ಟುತ್ತದೆ. ಒಳಮೈ ಹೊರಗೆ ಮಾಡಿ, ದಪ್ಪ ಬಿದಿರನ್ನು ಎರಡೂ ತೋಳಿನೊಳಗೆ ತೂರಿಸಿ ಬಿಸಿಲಿಗೆ ಹಾಕಿ. ಅಸ್ತರಿನ ಕೊಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಮೂರು ದಿನವಾದರೂ ಬೇಕು. ಒಣಗಿತೇ ಎಂದು ನೋಡಲು ಹೊರಗೆ ಮುಟ್ಟಬೇಡಿ. ಹೆಗಲಿನ ಎರಡು ಪದರವಿರುವ ಕಡೆ ಬೆರಳಿನಿಂದ ಗಟ್ಟಿಯಾಗಿ ಹಿಂಡಿ, ತಂಪೆನಿಸಿದರೆ ಒಳಗೆ ಇನ್ನೂ ನೀರಿದೆ, ಮಡಚಿಟ್ಟರೆ ಬೂಷ್ಟು ಹಿಡಿಯುವುದು ಅಲ್ಲಿಂದಲೇ.